ಥಿಂಕ್‌ಪ್ಯಾಡ್ ಎಕ್ಸ್270ಗೆ ರ‍್ಯಾಮ್ ಹಾಕುವುದು: ಸ್ಲಾಟ್ ಒಂದೇ, ನೋಡಿ ಕೊಳ್ಳಿ

ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡ ಲೆನೊವೊ ಎಕ್ಸ್270 ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇತ್ತು. ಇನ್ನೊಂದು 8 ಜಿಬಿ ತಂದು ಪಕ್ಕಕ್ಕೆ ಸಿಕ್ಕಿಸಿದರೆ 16 ಆಯ್ತಲ್ಲ ಅಂದುಕೊಂಡೆ. ಅದಕ್ಕೆ ಮುಂಚೆ ನನ್ನ ಹತ್ತಿರ ಇದ್ದದ್ದು ಎಕ್ಸ್230, ಅದರಲ್ಲಿ ರ‍್ಯಾಮ್ ಸಿಕ್ಕಿಸುವ ಸ್ಲಾಟ್ ಎರಡು, ಇದರಲ್ಲೂ ಅಷ್ಟೇ ಇರುತ್ತೆ ಅಂತ ನನ್ನ ಲೆಕ್ಕ. ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಸ್ಟಿಕ್ ತಂದು, ಅರ್ಧ ಗಂಟೆ ಒದ್ದಾಡಿ ತಳದ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಇರುವುದು ಒಂದೇ ಸ್ಲಾಟ್. ಅದರಲ್ಲಿ ಹಳೆಯ 8 ಜಿಬಿ ಆರಾಮವಾಗಿ ಕೂತಿದೆ. ಹೊಸದನ್ನು ಕೈಯಲ್ಲಿ ಹಿಡಿದುಕೊಂಡು ನಾನು ಸುಮ್ನೆ ನೋಡುತ್ತಾ ಕೂತೆ.

ಆದ್ದರಿಂದ ಈ ಬರಹದಲ್ಲಿ ಸ್ಕ್ರೂಡ್ರೈವರ್ ಕೈಗೆ ಬರುವುದು ಸ್ವಲ್ಪ ತಡ. ಬಿಚ್ಚಿ ಹಾಕುವ ಕೆಲಸ ನಿಜಕ್ಕೂ ಇಪ್ಪತ್ತು ನಿಮಿಷದ್ದು. ದುಡ್ಡು ಹಾಳಾಗುವುದು ಅದಕ್ಕೂ ಮುಂಚೆ, ಅಂಗಡಿಯಲ್ಲಿ.

ಮೊದಲು ಯಾವ ಮಾಡೆಲ್ ಅಂತ ಸರಿಯಾಗಿ ನೋಡಿ

ಥಿಂಕ್‌ಪ್ಯಾಡ್ ಎಕ್ಸ್ ಸಾಲಿನ 12.5 ಇಂಚಿನ ಲ್ಯಾಪ್‌ಟಾಪ್‌ಗಳು ಹೊರಗಿನಿಂದ ನೋಡಲು ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಬೆಂಗಳೂರಿನ ಕಂಪನಿಗಳು ಹಳೆಯ ಮೆಷಿನ್‌ಗಳನ್ನು ಬಿಟ್ಟಾಗ ಇವು ರಿಫರ್ಬಿಷ್ಡ್ ಅಂಗಡಿಗಳಿಗೆ ರಾಶಿಗಟ್ಟಲೆ ಬರುತ್ತವೆ. ಆದರೆ ರ‍್ಯಾಮ್ ವಿಷಯದಲ್ಲಿ ಒಂದೊಂದರದ್ದೂ ಒಂದೊಂದು ಕಥೆ. 2012ರ ಎಕ್ಸ್230ರಲ್ಲಿ ಡಿಡಿಆರ್3 (ಡಿಡಿಆರ್ ಮುಂದಿನ ಅಂಕಿ ರ‍್ಯಾಮ್‌ನ ತಲೆಮಾರು), ಎರಡು ಸ್ಲಾಟ್, ಒಟ್ಟು 16 ಜಿಬಿ ತನಕ. 2013ರ ಎಕ್ಸ್240 ಬಂದಾಗ ಮೆಷಿನ್ ತೆಳ್ಳಗಾಯಿತು, ಸ್ಲಾಟ್ ಒಂದಾಯಿತು, ಬೇಕಾದ್ದು ಕಡಿಮೆ ವೋಲ್ಟಿನ ಡಿಡಿಆರ್3ಎಲ್, ಅದೂ 8 ಜಿಬಿ ತನಕ ಮಾತ್ರ. ಆ ತಲೆಮಾರಿನ ಇಂಟೆಲ್ ಪ್ರೊಸೆಸರಿಗೆ 16 ಜಿಬಿಯ ಒಂದೇ ಸ್ಟಿಕ್ ಓದಲು ಬರುವುದಿಲ್ಲ, ನೀವು ಎಷ್ಟೇ ದುಡ್ಡು ಕೊಟ್ಟರೂ. ಎಕ್ಸ್250ರಲ್ಲೂ ಒಂದೇ ಸ್ಲಾಟ್, ಡಿಡಿಆರ್3ಎಲ್. 2016ರ ಎಕ್ಸ್260 ಮತ್ತು 2017ರ ಎಕ್ಸ್270ರಲ್ಲಿ ಸ್ಲಾಟ್ ಒಂದೇ ಉಳಿಯಿತು, ರ‍್ಯಾಮ್ ಮಾತ್ರ ಡಿಡಿಆರ್4 ಆಯಿತು, ಮಿತಿ 16 ಜಿಬಿಗೆ ಏರಿತು. ಮರುವರ್ಷದ ಎಕ್ಸ್280ರಲ್ಲಿ ಸ್ಲಾಟೇ ಇಲ್ಲ. ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ.

ಹಾಗಾಗಿ ಎಕ್ಸ್280 ಇಟ್ಟುಕೊಂಡವರು ಇಲ್ಲಿಗೇ ಓದು ನಿಲ್ಲಿಸಬಹುದು. ಎಕ್ಸ್240, 250, 260 ಇರುವವರಿಗೆ ಬಿಚ್ಚುವ ವಿಧಾನ ಹೆಚ್ಚುಕಡಿಮೆ ಇದೇ, 240 ಮತ್ತು 250ಕ್ಕೆ ಕೊಳ್ಳುವ ರ‍್ಯಾಮ್ ಮಾತ್ರ ಬೇರೆ. ಮಾಡೆಲ್ ಹೆಸರು ಪರದೆಯ ಚೌಕಟ್ಟಿನ ಮೇಲೆ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಮೆಷಿನ್ ಆದರೆ ತಳದ ಸ್ಟಿಕರ್ ಕೂಡ ನೋಡಿ. ಒಂದರ ಪರದೆ ಇನ್ನೊಂದಕ್ಕೆ ಹಾಕಿ ಮಾರುವುದು ಇಲ್ಲಿ ಹೊಸದೇನಲ್ಲ.

ನಿಜವಾಗಲೂ ರ‍್ಯಾಮ್ ಬೇಕಾ?

ಲ್ಯಾಪ್‌ಟಾಪ್ ಸ್ಲೋ ಆದ ತಕ್ಷಣ ಎಲ್ಲರೂ ಹೇಳುವುದು "ರ‍್ಯಾಮ್ ಹಾಕಿಸಿ". ಎಲ್ಲ ಸಲವೂ ಅದು ಸರಿ ಅಲ್ಲ. ನೀವು ದಿನಾ ಮಾಡುವ ಕೆಲಸ ಎಲ್ಲ ತೆರೆದಿಡಿ: ಬ್ರೌಸರ್, ಎಕ್ಸೆಲ್, ಮೀಟಿಂಗ್, ಹಾಡು. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಅಲ್ಲಿ ಅಂಕಿ ಸದಾ ಶೇ. 85–90ರ ಮೇಲೆ ಆಡುತ್ತಿದ್ದರೆ ರ‍್ಯಾಮ್ ಬೇಕು. ಶೇ. 50ರಲ್ಲಿ ನಿಂತಿದ್ದು, ಆದರೂ ಮೆಷಿನ್ ಎತ್ತಿನಗಾಡಿ ಹಾಗೆ ಓಡುತ್ತಿದ್ದರೆ ಅದೇ ಜಾಗದಲ್ಲಿ ಡಿಸ್ಕ್ ಅನ್ನು ಒತ್ತಿ ನೋಡಿ. ಅದು ಶೇ. 100ರಲ್ಲಿ ಸಿಕ್ಕಿಕೊಂಡಿದ್ದರೆ, ಒಳಗೆ ಇನ್ನೂ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ, ಮೊದಲು ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಹಾಕಿಸಿ. ಆ ದುಡ್ಡಿಗೆ ಸಿಗುವ ವ್ಯತ್ಯಾಸ ರ‍್ಯಾಮ್‌ನಿಂದ ಸಿಗುವುದಿಲ್ಲ.

ಅದೇ ಮೆಮೊರಿ ಪುಟದ ಕೆಳಗೆ ವೇಗ, ಎಷ್ಟು ಸ್ಲಾಟ್ ಬಳಕೆಯಲ್ಲಿದೆ, ರ‍್ಯಾಮ್‌ನ ಆಕಾರ ಯಾವುದು ಎಂಬ ವಿವರಗಳಿವೆ. ಸ್ಲಾಟಿನ ಲೆಕ್ಕವನ್ನು ಪೂರ್ತಿ ನಂಬಬೇಡಿ. ಬಯಾಸ್ (ಮೆಷಿನ್ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಏನು ಹೇಳಿತೋ ವಿಂಡೋಸ್ ಅದನ್ನೇ ತೋರಿಸುತ್ತದೆ, ಬೆಸುಗೆ ಹಾಕಿದ ರ‍್ಯಾಮ್ ಅನ್ನೂ ಕೆಲವು ಮೆಷಿನ್‌ಗಳು ಸ್ಲಾಟ್ ಅಂತಲೇ ಎಣಿಸುತ್ತವೆ.

ಇನ್ನೊಂದು ಮಾತು, ಮನಸ್ಸಿಗೆ ಸ್ವಲ್ಪ ಬೇಜಾರಾಗಬಹುದು. ಎಕ್ಸ್270ರಲ್ಲಿರುವುದು ಆರನೇ ಇಲ್ಲವೇ ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. ವಿಂಡೋಸ್ 11 ಅಧಿಕೃತವಾಗಿ ಒಪ್ಪಿಕೊಳ್ಳುವುದು ಎಂಟನೇ ತಲೆಮಾರಿನಿಂದ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಂತ ಮೆಷಿನ್ ಗುಜರಿಗೆ ಹಾಕಬೇಕಿಲ್ಲ. ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಇದರ ಮೇಲೆ ಸೊಗಸಾಗಿ ಓಡುತ್ತದೆ, ನನ್ನದರಲ್ಲಿ ಈಗ ಅದೇ ಇದೆ. ಆದರೆ ಇನ್ನೂ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅಂತ ಯೋಚಿಸಿ, ಅದಕ್ಕೆ ತಕ್ಕ ಹಾಗೆ ಖರ್ಚು ಮಾಡಿ.

ಅಂಗಡಿಗೆ ಹೋಗುವ ಮುಂಚೆ

ಎಕ್ಸ್270ಗೆ ಬೇಕಾದ್ದು ಡಿಡಿಆರ್4, ಸೋಡಿಮ್, 1.2 ವೋಲ್ಟ್. ಸೋಡಿಮ್ ಅಂದರೆ ಲ್ಯಾಪ್‌ಟಾಪಿಗೆ ಬರುವ ಗಿಡ್ಡ ಸ್ಟಿಕ್. ಉದ್ದ ಸುಮಾರು 7 ಸೆಂಟಿಮೀಟರ್, ಡೆಸ್ಕ್‌ಟಾಪಿನದು ಇದರ ಹೆಚ್ಚುಕಡಿಮೆ ಎರಡರಷ್ಟು. ಲ್ಯಾಪ್‌ಟಾಪಿನ ಡಿಡಿಆರ್4ರಲ್ಲಿ 260 ಪಿನ್, ಡಿಡಿಆರ್3ರಲ್ಲಿ 204, ಡಿಡಿಆರ್5ರಲ್ಲಿ 262. ಪಿನ್ ಎಣಿಸುತ್ತಾ ಕೂರಬೇಕಾಗಿಲ್ಲ. ಚಿನ್ನದ ಬಣ್ಣದ ಅಂಚಿನಲ್ಲಿ ಒಂದು ಕಚ್ಚು ಇರುತ್ತದಲ್ಲ, ಅದು ಮೂರರಲ್ಲೂ ಬೇರೆ ಬೇರೆ ಜಾಗದಲ್ಲಿದೆ, ಹಾಗಾಗಿ ತಪ್ಪು ರ‍್ಯಾಮ್ ಸ್ಲಾಟಿಗೆ ಇಳಿಯುವುದೇ ಇಲ್ಲ. ಇಳಿಯುತ್ತಿಲ್ಲ ಅಂತ ಜೋರಾಗಿ ಒತ್ತಿದರೆ ಮಾತ್ರ ಸ್ಲಾಟ್ ಮುರಿಯುತ್ತದೆ.

ವೇಗದ ಬಗ್ಗೆ ಅಂಗಡಿಗಳಲ್ಲಿ ಬಹಳ ಗೊಂದಲ. ಸ್ಟಿಕ್ ಮೇಲಿನ ಚೀಟಿಯಲ್ಲಿ ಒಮ್ಮೆ 2400 ಅಂತ ಇರುತ್ತದೆ, ಇನ್ನೊಮ್ಮೆ ಅದೇ ಸಾಮಾನಿಗೆ 19200 ಅಂತ. ಎರಡೂ ಒಂದೇ. ಒಂದು ಸಲಕ್ಕೆ 8 ಬೈಟ್ ಸಾಗುವುದರಿಂದ 2400 ಅನ್ನು 8ರಿಂದ ಗುಣಿಸಿದರೆ 19200. ಹಾಗೆಯೇ 2133ಕ್ಕೆ 17000, 2666ಕ್ಕೆ 21300, 3200ಕ್ಕೆ 25600, ಸ್ವಲ್ಪ ದುಂಡಗೆ ಮಾಡಿರುತ್ತಾರೆ ಅಷ್ಟೇ. ಎಕ್ಸ್270 ರ‍್ಯಾಮ್ ಅನ್ನು ಓಡಿಸುವುದು 2133ರಲ್ಲಿ. ನೀವು 2400 ಹಾಕಿದರೂ 3200 ಹಾಕಿದರೂ ಅದು 2133ಕ್ಕೆ ಇಳಿದು ಓಡುತ್ತದೆ. ಹಾಗಾಗಿ "ಸಾರ್, ಇದು 3200, ಫಾಸ್ಟು" ಅಂದರೆ ಜಾಸ್ತಿ ದುಡ್ಡು ಕೊಡಬೇಡಿ. ಅದೇ ಬೆಲೆಗೆ ಕೊಟ್ಟರೆ ಬೇಡ ಅನ್ನಲೂ ಬೇಡಿ.

ಎಷ್ಟು ಜಿಬಿ? ಇರುವುದು ಒಂದೇ ಸ್ಲಾಟ್, ಹಳೆಯದು ಹೊರಗೆ ಬರಲೇಬೇಕು, ಹಾಗಾಗಿ 4 ಜಿಬಿಯಿಂದ 8ಕ್ಕೆ ಹೋಗಿ ಮತ್ತೆ ಒಂದು ವರ್ಷಕ್ಕೆ 16 ಕೊಳ್ಳುವುದು ಎರಡು ಸಲ ದುಡ್ಡು ಸುರಿದ ಹಾಗೆ. ಒಂದೇ ಸಲ 16 ಜಿಬಿ ಹಾಕಿ ಮುಗಿಸಿ. 32 ಜಿಬಿ ಸ್ಟಿಕ್ ಹಾಕಿ ಓಡಿಸಿದವರೂ ಇದ್ದಾರೆ, ಪ್ರೊಸೆಸರ್ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಲೆನೊವೊ ಹೇಳುವುದು 16 ಮಾತ್ರ, ಅಂಗಡಿಯವನು ವಾಪಸ್ ತಗೊಳ್ಳುತ್ತೇನೆ ಅಂತ ಬರೆದುಕೊಡದಿದ್ದರೆ ನಾನಂತೂ ಆ ಸಾಹಸಕ್ಕೆ ಕೈ ಹಾಕುವುದಿಲ್ಲ.

ಬ್ರ್ಯಾಂಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈ ರ‍್ಯಾಮ್‌ಗಳ ಒಳಗಿನ ಚಿಪ್ ಬಹುಪಾಲು ಬರುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳಿಂದಲೇ. ಬೇರೆ ಲ್ಯಾಪ್‌ಟಾಪಿನಿಂದ ತೆಗೆದ, ಈ ಮೂರರ ಚೀಟಿ ಇರುವ ಹಳೆಯ ಸ್ಟಿಕ್ ಸಿಕ್ಕರೆ ಹೆಸರೇ ಕೇಳದ ಹೊಸ ಬ್ರ್ಯಾಂಡಿಗಿಂತ ಅದೇ ವಾಸಿ ಅಂತ ನನ್ನ ಅಭಿಪ್ರಾಯ. ರ‍್ಯಾಮ್ ಹಾರ್ಡ್‌ಡಿಸ್ಕ್ ಹಾಗೆ ಸವೆಯುವ ಸಾಮಾನಲ್ಲ. ಬೆಲೆ ಮಾತ್ರ ಮೊದಲಿನ ಹಾಗಿಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ದರ ಏರಿತು, ಮೈಕ್ರಾನ್ ಅಂತೂ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಹೇಳಿಬಿಟ್ಟಿತು. ಎರಡು ವರ್ಷದ ಹಿಂದೆ ಗೆಳೆಯ ಎಷ್ಟಕ್ಕೆ ತಂದ ಅನ್ನುವುದನ್ನು ಹಿಡಿದುಕೊಂಡು ಚೌಕಾಸಿಗೆ ಇಳಿಯಬೇಡಿ, ನಗುತ್ತಾರೆ.

ಎಸ್‌ಪಿ ರೋಡಿಗೆ ಹೋಗುವವರಾದರೆ ಭಾನುವಾರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಹಳೆಯ ಸ್ಟಿಕ್‌ನ ಚೀಟಿಯ ಫೋಟೋ ಮೊಬೈಲಿನಲ್ಲಿ ಇದ್ದರೆ ಅರ್ಧ ಮಾತು ಉಳಿಯುತ್ತದೆ. ಕೊಡುವ ಸ್ಟಿಕ್‌ನ ಚೀಟಿಯಲ್ಲಿ ಪಿಸಿ4 ಅಂತ ಶುರುವಾಗಬೇಕು. ಪಿಸಿ3 ಇಲ್ಲವೇ ಪಿಸಿ3ಎಲ್ ಅಂತ ಇದ್ದರೆ ಅದು ಡಿಡಿಆರ್3, ನಿಮಗಲ್ಲ. ಬಾಯಿಮಾತಿನ ವಾರಂಟಿಯನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಆವತ್ತು ಆ 8 ಜಿಬಿಯನ್ನು ವಾಪಸ್ ಒಯ್ದಾಗ ಅಂಗಡಿಯವರು ನನ್ನ ಮುಖವನ್ನೇ ಮರೆತಿದ್ದರು.

ಬಿಚ್ಚುವ ಮುಂಚೆ ಒಳಗಿನ ಬ್ಯಾಟರಿಯನ್ನು ಮಲಗಿಸಿ

ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎಕ್ಸ್270ಗೆ ಎರಡು ಬ್ಯಾಟರಿ. ಹಿಂದೆ ಕಾಣುವುದು ಒಂದು, ಅದನ್ನು ತಳದ ಚಿಲಕ ಸರಿಸಿ ತೆಗೆಯಬಹುದು. ಇನ್ನೊಂದು ಒಳಗೆ, ಅಂಗೈ ಇಡುವ ಜಾಗದ ಕೆಳಗೆ ಇದೆ. ಹೊರಗಿನದನ್ನು ಕಿತ್ತ ಮಾತ್ರಕ್ಕೆ ಬೋರ್ಡಿಗೆ ಕರೆಂಟ್ ನಿಂತಿತು ಅಂದುಕೊಳ್ಳಬೇಡಿ, ಒಳಗಿನದು ಇನ್ನೂ ಕೊಡುತ್ತಲೇ ಇರುತ್ತದೆ. ಹಾಗೆ ಕರೆಂಟ್ ಇರುವಾಗ ರ‍್ಯಾಮ್ ಎಳೆದರೆ ರ‍್ಯಾಮ್ ಹೋಗಬಹುದು, ಬೋರ್ಡೂ ಹೋಗಬಹುದು.

ಅದಕ್ಕೆ ಲೆನೊವೊದವರೇ ದಾರಿ ಇಟ್ಟಿದ್ದಾರೆ. ಮುಖ್ಯವಾದ ಫೈಲುಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಗುಪ್ತಬೀಗ) ಹಾಕಿದ್ದರೆ ಅದರ ರಿಕವರಿ ಕೀಯನ್ನೂ ಬರೆದಿಟ್ಟುಕೊಳ್ಳಿ, ಬಯಾಸ್ ಮುಟ್ಟಿದ ಮೇಲೆ ಅದು ಕೇಳಬಹುದು. ಈಗ ಚಾರ್ಜರ್ ಕಿತ್ತುಬಿಡಿ. ಈ ಮೆಷಿನ್ ಟೈಪ್-ಸಿ ಮೂಲಕವೂ ಚಾರ್ಜ್ ಆಗುತ್ತದೆ, ಅಲ್ಲೇನಾದರೂ ಸಿಕ್ಕಿಸಿದ್ದರೆ ಅದನ್ನೂ ಕೀಳಿ. ಆಮೇಲೆ ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಪರದೆಯ ಮೇಲೆ ಹೆಸರು ಮೂಡುವಾಗ ಎಫ್1 ಕೀಲಿಯನ್ನು ಮತ್ತೆ ಮತ್ತೆ ಒತ್ತಿದರೆ ಬಯಾಸ್ ತೆರೆಯುತ್ತದೆ. ಅಲ್ಲಿ ಕಾನ್ಫಿಗ್, ಅದರೊಳಗೆ ಪವರ್, ಅದರಲ್ಲಿ "ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ". ಎಂಟರ್ ಒತ್ತಿ, ಯೆಸ್ ಅನ್ನಿ. ಮೆಷಿನ್ ತಾನೇ ಆಫ್ ಆಗುತ್ತದೆ. ಮೂರ್ನಾಲ್ಕು ನಿಮಿಷ ಬಿಡಿ, ಒಳಗಿನ ಬಿಸಿಯೂ ಆರಲಿ. ಆಮೇಲೆ ಹಿಂದಿನ ಬ್ಯಾಟರಿ ತೆಗೆಯಿರಿ. ಎಸ್‌ಡಿ ಕಾರ್ಡ್, ಪೆನ್‌ಡ್ರೈವ್ ಇದ್ದರೆ ಅವನ್ನೂ.

ಈ ಕ್ಷಣದಿಂದ ಕೆಲಸ ಮುಗಿಯುವ ತನಕ ಚಾರ್ಜರ್ ಸಿಕ್ಕಿಸಬೇಡಿ. ಸಿಕ್ಕಿಸಿದರೆ ಮಲಗಿದ್ದ ಬ್ಯಾಟರಿ ಮತ್ತೆ ಎದ್ದುಬಿಡುತ್ತದೆ.

ತಳದ ಮುಚ್ಚಳ

ಮೇಜಿನ ಮೇಲೆ ಹತ್ತಿಯ ಟವೆಲ್ ಹಾಸಿ ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ. ಪ್ಲಸ್ ಗುರುತಿನ ಸ್ಕ್ರೂಡ್ರೈವರ್ ಬೇಕು, ಸ್ವಿಚ್‌ಬೋರ್ಡಿಗೆ ಬಳಸುವ ದಪ್ಪದ್ದಲ್ಲ, ವಾಚ್ ರಿಪೇರಿಯ ಸೂಜಿಯಂಥದ್ದೂ ಅಲ್ಲ, ನಡುವಿನದು. ತಲೆಗೆ ಸರಿಯಾಗಿ ಕೂರದ ಸ್ಕ್ರೂಡ್ರೈವರಿನಲ್ಲಿ ತಿರುಗಿಸಿದರೆ ಸ್ಕ್ರೂ ತಲೆ ಸವೆದು ಹೋಗುತ್ತದೆ. ಆಮೇಲೆ ಅದನ್ನು ತೆಗೆಯುವುದೇ ಒಂದು ದಿನದ ಕೆಲಸ.

ತಳದಲ್ಲಿ ಎಂಟು ಸ್ಕ್ರೂ ಇವೆ. ಇವು ಪೂರ್ತಿ ಹೊರಗೆ ಬರುವ ಜಾತಿಯಲ್ಲ, ಸಡಿಲವಾದ ಮೇಲೂ ಮುಚ್ಚಳಕ್ಕೇ ಅಂಟಿಕೊಂಡಿರುತ್ತವೆ. ಬರುತ್ತಿಲ್ಲವಲ್ಲ ಅಂತ ಇಕ್ಕಳ ತಂದು ಎಳೆಯಬೇಡಿ. ಎಲ್ಲ ಸಡಿಲವಾದ ಮೇಲೂ ಮುಚ್ಚಳ ಏಳುವುದಿಲ್ಲ, ಅಂಚಿನ ಸುತ್ತ ಒಳಗಿನಿಂದ ಪ್ಲಾಸ್ಟಿಕ್ ಕೊಕ್ಕೆಗಳು ಹಿಡಿದಿರುತ್ತವೆ. ಹಳೆಯ ಎಟಿಎಂ ಕಾರ್ಡನ್ನು ಬ್ಯಾಟರಿ ತೆಗೆದ ಜಾಗದ ಕಡೆಯಿಂದ ಸಂದಿಗೆ ತೂರಿಸಿ, ಮೆಲ್ಲಗೆ ಜಾರಿಸುತ್ತಾ ಎರಡೂ ಬದಿಗೆ ಬನ್ನಿ. ಒಂದೊಂದು ಕೊಕ್ಕೆ ಬಿಡುವಾಗಲೂ ಟಕ್ ಅಂತ ಸದ್ದು ಬರುತ್ತದೆ. ಮೊದಲ ಸಲ ಏನೋ ಮುರಿಯಿತು ಅನ್ನಿಸುತ್ತದೆ, ಮುರಿದಿರುವುದಿಲ್ಲ. ಚಾಕು ಮಾತ್ರ ಬಳಸಬೇಡಿ. ಒಳಗೆ ಬ್ಯಾಟರಿ ಇದೆ ಅನ್ನುವುದು ನೆನಪಿರಲಿ.

ಕೈಯಲ್ಲಿರುವ ಸ್ಟ್ಯಾಟಿಕ್ (ಮೈಯಲ್ಲಿ ಕೂಡಿಕೊಂಡು, ಮುಟ್ಟಿದಾಗ ಚುರುಕ್ ಅನ್ನುವ ವಿದ್ಯುತ್) ಬಗ್ಗೆ: ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಗಾಳಿಯಲ್ಲೇ ಅಷ್ಟು ತೇವ ಇರುವಾಗ ಇದರ ಕಾಟ ಕಡಿಮೆ. ಜನವರಿ, ಫೆಬ್ರುವರಿಯ ಒಣ ಗಾಳಿಯಲ್ಲಿ, ಅದೂ ಸ್ವೆಟರ್ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಾಡುವವರು ಹುಷಾರು. ಸ್ವೆಟರ್ ತೆಗೆದಿಡಿ. ರ‍್ಯಾಮ್ ಮುಟ್ಟುವ ಮುಂಚೆ ಬಣ್ಣ ಹೊಡೆಯದ ಕಿಟಕಿ ಸರಳನ್ನೋ ಸ್ಟೀಲ್ ನಲ್ಲಿಯನ್ನೋ ಮುಟ್ಟಿ ಬನ್ನಿ. ನಲ್ಲಿ ಮುಟ್ಟುವಾಗ ಕೈ ಒದ್ದೆ ಮಾಡಿಕೊಳ್ಳಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಮುಚ್ಚಳ ಎದ್ದ ತಕ್ಷಣ, ಏನನ್ನೂ ಮುಟ್ಟುವ ಮುಂಚೆ, ಒಂದು ಫೋಟೋ ತೆಗೆದುಕೊಳ್ಳಿ. ಫ್ಯಾನ್‌ಗೆ ಧೂಳು ಕಟ್ಟಿದ್ದರೆ ಮೆತ್ತನೆಯ ಬ್ರಷ್‌ನಲ್ಲಿ ತೆಗೆಯಲು ಇದೇ ಒಳ್ಳೆಯ ಸಮಯ. ಉಳಿದದ್ದಕ್ಕೆ ಕೈ ಹಾಕಬೇಡಿ.

ಹಳೆಯದು ಹೊರಗೆ, ಹೊಸದು ಒಳಗೆ

ರ‍್ಯಾಮ್ ಗುರುತಿಸುವುದು ಸುಲಭ. ಚಿಪ್‌ಗಳಿರುವ ಚಿಕ್ಕ ಪಟ್ಟಿ, ಮೇಲೆ ಚೀಟಿ, ಎರಡು ಬದಿಗೂ ಸಣ್ಣ ಲೋಹದ ತೋಳುಗಳು. ಮೇಲೆ ಕಪ್ಪು ಹಾಳೆ ಮುಚ್ಚಿದ್ದರೆ ಹರಿಯದೆ ಪಕ್ಕಕ್ಕೆ ಮಡಿಸಿ. ಎರಡೂ ಹೆಬ್ಬೆರಳ ಉಗುರಿನಿಂದ ಎರಡೂ ತೋಳುಗಳನ್ನು ಒಟ್ಟಿಗೆ ಹೊರಕ್ಕೆ ತಳ್ಳಿ. ರ‍್ಯಾಮ್ ತಾನಾಗಿಯೇ ಓರೆಯಾಗಿ ಎದ್ದು ನಿಲ್ಲುತ್ತದೆ. ಅಂಚು ಹಿಡಿದು ಅದೇ ಓರೆಯಲ್ಲಿ ಎಳೆಯಿರಿ. ಚಿನ್ನದ ಬಣ್ಣದ ಭಾಗಕ್ಕೆ ಬೆರಳು ತಾಗಿಸಬೇಡಿ.

ಹೊಸದನ್ನು ಹಾಕುವಾಗ ಕಚ್ಚು ಸ್ಲಾಟಿನ ಉಬ್ಬಿಗೆ ಎದುರಾಗಿ ಬರಬೇಕು. ಸುಮಾರು 30 ಡಿಗ್ರಿ ಓರೆಯಲ್ಲಿ ಒಳಕ್ಕೆ ತಳ್ಳಿ. ಇಲ್ಲಿ ಸ್ವಲ್ಪ ಧೈರ್ಯ ಬೇಕು. ಬಹಳ ಜನ ಹೆದರಿ ಅರ್ಧಕ್ಕೇ ನಿಲ್ಲಿಸಿ ಕೆಳಕ್ಕೆ ಒತ್ತಿಬಿಡುತ್ತಾರೆ, ತೋಳುಗಳೂ ಹೇಗೋ ಹಿಡಿದುಕೊಳ್ಳುತ್ತವೆ, ಆಮೇಲೆ ಮೆಷಿನ್ ಆನ್ ಆಗುವುದಿಲ್ಲ. ಚಿನ್ನದ ಗೆರೆ ಕಂಡೂ ಕಾಣದ ಹಾಗೆ ಒಳಗೆ ಹೋಗಬೇಕು, ಎರಡೂ ತುದಿ ಒಂದೇ ಸಮ. ಹಾಗೆ ಕೂತ ಮೇಲೆ ಮೇಲಿನ ಎರಡು ಮೂಲೆಗಳನ್ನು ಕೆಳಕ್ಕೆ ಒತ್ತಿ. ಎರಡೂ ಕಡೆ ಟಿಕ್ ಅಂದರೆ ಮುಗಿಯಿತು.

ಮುಚ್ಚಳ ಕೂರಿಸಿ, ಸುತ್ತಲೂ ಒತ್ತಿ ಕೊಕ್ಕೆ ಹಿಡಿಸಿ, ಎಂಟೂ ಸ್ಕ್ರೂ ತಿರುಗಿಸಿ. ಹಿಂದಿನ ಬ್ಯಾಟರಿ ಹಾಕಿ.

ಆನ್ ಆಗುತ್ತಿಲ್ಲ!

ಪವರ್ ಬಟನ್ ಒತ್ತುತ್ತೀರಿ. ಏನೂ ಆಗುವುದಿಲ್ಲ. ದೀಪ ಇಲ್ಲ, ಸದ್ದು ಇಲ್ಲ. ನನಗೆ ಆವತ್ತು ಬೆವರು ಬಂದಿತ್ತು. ನೀವೇ ಬ್ಯಾಟರಿಯನ್ನು ಬಯಾಸ್‌ನಲ್ಲಿ ಮಲಗಿಸಿದ್ದೀರಿ, ಅದನ್ನು ಎಬ್ಬಿಸುವುದು ಚಾರ್ಜರ್ ಮಾತ್ರ. ಚಾರ್ಜರ್ ಸಿಕ್ಕಿಸಿ, ಆಮೇಲೆ ಬಟನ್ ಒತ್ತಿ. ಮೊದಲ ಸಲ ಪರದೆ ಮಾಮೂಲಿಗಿಂತ ಜಾಸ್ತಿ ಹೊತ್ತು ಕಪ್ಪಾಗಿ ನಿಲ್ಲಬಹುದು, ಹೊಸ ರ‍್ಯಾಮ್ ಅನ್ನು ಮೆಷಿನ್ ಪರಿಚಯ ಮಾಡಿಕೊಳ್ಳುತ್ತಿರುತ್ತದೆ. ಒಂದೆರಡು ನಿಮಿಷ ಕಾಯಿರಿ. ನಡುವೆ ಬಟನ್ ಒತ್ತಿ ಆಫ್ ಮಾಡಬೇಡಿ.

ಅಷ್ಟಾದ ಮೇಲೂ ಬೀಪ್ ಬೀಪ್ ಅಂತಿದ್ದರೆ, ಇಲ್ಲವೇ ಪರದೆ ಬೆಳಗದಿದ್ದರೆ, ಹತ್ತರಲ್ಲಿ ಒಂಬತ್ತು ಸಲ ರ‍್ಯಾಮ್ ಸರಿಯಾಗಿ ಕೂತಿಲ್ಲ ಅಂತ ತಿಳಿಯಿರಿ. ಚಾರ್ಜರ್ ಮತ್ತು ಬ್ಯಾಟರಿ ತೆಗೆದು ಮತ್ತೆ ಬಿಚ್ಚಿ. ಈ ಸಲ ಒಳಗಿನ ಬ್ಯಾಟರಿಯನ್ನು ಬಯಾಸ್‌ನಲ್ಲಿ ಮಲಗಿಸಲು ಆಗುವುದಿಲ್ಲವಲ್ಲ, ಅದಕ್ಕೆ ಮುಚ್ಚಳ ತೆಗೆದ ತಕ್ಷಣ ಆ ಬ್ಯಾಟರಿಯ ವೈರ್ ಬೋರ್ಡಿಗೆ ಸೇರುವ ಕನೆಕ್ಟರನ್ನು ಮೆಲ್ಲಗೆ ಬಿಡಿಸಿ. ರ‍್ಯಾಮ್ ತೆಗೆದು ಮತ್ತೆ ಹಾಕಿ. ಸೆಕೆಂಡ್‌ಹ್ಯಾಂಡ್ ಸ್ಟಿಕ್ ಆದರೆ ಚಿನ್ನದ ಅಂಚನ್ನು ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಪುಡಿ ಒರೆಸಿ. ರಿಪೇರಿಯವರೆಲ್ಲ ಮಾಡುವ ಉಪಾಯ ಇದು, ಒರಟಾಗಿ ಉಜ್ಜಿದರೆ ಮಾತ್ರ ಲೇಪನವೇ ಹೋಗುತ್ತದೆ. ಆಗಲೂ ಆಗದಿದ್ದರೆ ಹಳೆಯ ಸ್ಟಿಕ್ ಹಾಕಿ ನೋಡಿ. ಹಳೆಯದರಲ್ಲಿ ಓಡಿ ಹೊಸದರಲ್ಲಿ ಓಡದಿದ್ದರೆ ಬಿಲ್ ಹಿಡಿದು ಅಂಗಡಿಗೆ ನಡೆಯಿರಿ.

ಓಡಿತು ಅಂದರೆ ಸಾಲದು

ಟಾಸ್ಕ್ ಮ್ಯಾನೇಜರ್ ತೆರೆದು 16 ಜಿಬಿ ಕಾಣುತ್ತಿದೆಯಾ ನೋಡಿ. ಬಳಕೆಗೆ ಸಿಗುವುದು 15.8ರ ಆಸುಪಾಸಿನಲ್ಲಿ ಇದ್ದರೆ ಮೋಸ ಏನಿಲ್ಲ, ಗ್ರಾಫಿಕ್ಸಿಗೆ ಬೇರೆ ಮೆಮೊರಿ ಇಲ್ಲದ್ದರಿಂದ ಸ್ವಲ್ಪ ಭಾಗವನ್ನು ಅದು ಎತ್ತಿಟ್ಟುಕೊಳ್ಳುತ್ತದೆ. ಬರೀ 3 ಚಿಲ್ಲರೆ ಜಿಬಿ ಬಳಕೆಗೆ ಸಿಗುತ್ತಿದ್ದರೆ ತಪ್ಪು ರ‍್ಯಾಮ್‌ದಲ್ಲ. ಯಾರೋ 32 ಬಿಟ್ ವಿಂಡೋಸ್ ಹಾಕಿಟ್ಟಿದ್ದಾರೆ, ಅದಕ್ಕೆ 4 ಜಿಬಿಗಿಂತ ಮೇಲೆ ಕಾಣುವುದೇ ಇಲ್ಲ. 64 ಬಿಟ್ಟಿನದು ಹೊಸದಾಗಿ ಹಾಕಬೇಕು.

ಆಮೇಲೆ ರಾತ್ರಿ ಮಲಗುವ ಮುಂಚೆ ಒಂದು ಪರೀಕ್ಷೆ ಹಚ್ಚಿಬಿಡಿ. ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲೇ ಮೆಮೊರಿ ಡಯಾಗ್ನೋಸ್ಟಿಕ್ ಇದೆ, ಸುಲಭದ್ದು. ಗಟ್ಟಿ ಪರೀಕ್ಷೆ ಬೇಕಾದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಿ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ, 16 ಜಿಬಿಗೆ ಗಂಟೆಗಟ್ಟಲೆ ಬೇಕು. ಒಂದೇ ಒಂದು ತಪ್ಪು ತೋರಿಸಿದರೂ ಆ ಸ್ಟಿಕ್ ಇಟ್ಟುಕೊಳ್ಳಬೇಡಿ. "ಒಂದೇ ಅಲ್ವಾ ಸಾರ್" ಅಂತಾರೆ. ಆ ಒಂದು ತಪ್ಪು ನಿಮ್ಮ ಯಾವ ಫೈಲಿನೊಳಗೆ ಹೋಗಿ ಕೂರುತ್ತದೋ ಯಾರಿಗೆ ಗೊತ್ತು.

128 ಜಿಬಿಯ ಪುಟ್ಟ ಎಸ್‌ಎಸ್‌ಡಿ ಇರುವವರು ಇದೊಂದು ನೋಡಿ. ಹೈಬರ್ನೇಟ್ ಮಾಡಲು (ತೆರೆದ ಕೆಲಸವನ್ನು ಡಿಸ್ಕಿಗೆ ಉಳಿಸಿ ಮೆಷಿನ್ ಆಫ್ ಆಗಲು) ವಿಂಡೋಸ್ ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40ರಷ್ಟು ಜಾಗವನ್ನು ಡಿಸ್ಕಿನಲ್ಲಿ ಹಿಡಿದಿಡುತ್ತದೆ. 8 ಜಿಬಿ ಇದ್ದಾಗ ಅದು 3.2 ಇತ್ತು, ಈಗ 6.4. ರ‍್ಯಾಮ್ ಹಾಕಿದ ಮೇಲೆ ಡಿಸ್ಕ್ ಯಾಕೆ ತುಂಬಿತು ಅಂತ ತಲೆ ಕೆರೆದುಕೊಳ್ಳುವುದು ಇದರಿಂದಲೇ.

ಹೊರಗೆ ಬಂದ ಹಳೆಯ 8 ಜಿಬಿಯನ್ನು ಎಸೆಯಬೇಡಿ. ಹೊಸ ರ‍್ಯಾಮ್ ಬಂದಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಹಾಕಿಟ್ಟು, ಒಂದೆರಡು ತಿಂಗಳು ಮೆಷಿನ್ ತಕರಾರಿಲ್ಲದೆ ಓಡಿದ ಮೇಲೆ ಕೊಡಿ, ಮಾರಿ. ನನ್ನ ಎರಡು ಸ್ಟಿಕ್‌ಗಳಲ್ಲಿ ಒಂದು, ಅದೇ ಆ ದಂಡದ ಸ್ಟಿಕ್, ಈಗ ಅಕ್ಕನ ಮಗಳ ಎಕ್ಸ್260ರಲ್ಲಿದೆ. ಅವಳದ್ದರಲ್ಲಿ ಇದ್ದದ್ದು 4 ಜಿಬಿ.